ಪರವಾನಗಿ ಸಂಖ್ಯೆ 1: ಜೆ.ಆರ್.ಡಿ. ಟಾಟಾ

ರಾಂಜಣಗಾಂವ: ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ಈ ಊರಿನಲ್ಲಿ ಟಾಟಾ ಹಾಗೂ ಫಿಯೆಟ್ ಪಾಲುದಾರಿಕೆಯಲ್ಲಿ ಕಾರು ತಯಾರಿಸಿದ ಕಾರ್ಖಾನೆಯಿದೆ. ಟಾಟಾ ಎಂದರೆ ಪುಣೆಯ ಕನ್ನಡಿಗರಿಗೆ ಮೊದಲು ನೆನಪಾಗುವುದು ಕಾರು, ಲಾರಿ, ಪಾಳಿಯ ಕೆಲಸ. ಆದರೆ ಆ ಮನೆತನದ ಜೆ.ಆರ್.ಡಿ. ಅವರಿಗೆ ಕೊನೆಯವರೆಗೂ ಮೊದಲ ಪ್ರೀತಿ ವಿಮಾನದ್ದೇ.

1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ ಜನಿಸಿದ ಅವರ ತಾಯಿ ಸುಝಾನ್ ಫ್ರೆಂಚ್ ಮಹಿಳೆ. ಇಂಗ್ಲಿಷ್ ಕಡಲ್ಗಾಲುವೆಯನ್ನು 1909ರಲ್ಲಿ ವಿಮಾನದಲ್ಲಿ ದಾಟಿದ ಲೂಯಿ ಬ್ಲೇರಿಯೊ ಅವರ ಮನೆ ಇದ್ದ ಆರ್ಡೆಲೊ ಎಂಬ ಕಡಲತೀರದಲ್ಲಿ ಬಾಲಕನ ಬೇಸಿಗೆಗಳು ಕಳೆದವು. ಹದಿನೈದರ ಹರೆಯದಲ್ಲಿ ಒಮ್ಮೆ ವಿಮಾನವೇರಿದ್ದೇ ತಡ, ಆ ಹುಚ್ಚು ಬಿಡಲಿಲ್ಲ. ಫ್ರೆಂಚ್ ಸೇನೆಯಲ್ಲೂ ಕೆಲಕಾಲ ದುಡಿದರು.

ಆ ಕಾಲದಲ್ಲಿ ಹಾರಲು ಬಯಸಿದ ಭಾರತೀಯರಿಗೆ ವಿಲಾಯತಿಯೇ ಗತಿ. ಮೈಸೂರಿನ ಎಸ್.ವಿ. ಸೆಟ್ಟಿಯವರು ಇಂಗ್ಲೆಂಡಿನ ಆವ್ರೋ ಕಂಪನಿಯಲ್ಲಿದ್ದು ಹಾರಾಟ ಕಲಿತು ಬಂದರೂ ಆ ವಿದ್ಯೆಯನ್ನು ಮಾನ್ಯ ಮಾಡಿ ಪರವಾನಗಿ ಕೊಡುವ ಸಂಸ್ಥೆಯೇ ಇಲ್ಲಿರಲಿಲ್ಲ. 1918ರಲ್ಲಿ ಅವರು ತೀರಿಕೊಂಡರು.

ಜೆ.ಆರ್.ಡಿ. ಕಲಿತದ್ದು ಮುಂಬಯಿಯಲ್ಲೇ. 1929ರ ಫೆಬ್ರವರಿ 10ರಂದು ಭಾರತ ಮತ್ತು ಬರ್ಮಾದ ಏರೋ ಕ್ಲಬ್ ಅವರಿಗೆ ನೀಡಿದ ಪರವಾನಗಿಯ ಸಂಖ್ಯೆ 1. ಫ್ರೆಂಚ್ ಪೌರತ್ವ ತೊರೆದದ್ದೂ ಅದೇ ವರ್ಷ. ಆ ಕಾಗದ ಅಂತಾರಾಷ್ಟ್ರೀಯ ವೈಮಾನಿಕ ಒಕ್ಕೂಟದ ಪರವಾಗಿ ಕೊಟ್ಟದ್ದಾದ್ದರಿಂದ ಹೊರದೇಶದಲ್ಲೂ ಅದಕ್ಕೆ ಬೆಲೆಯಿತ್ತು. ಮರುವರ್ಷ ಆಗಾಖಾನ್ ಸ್ಪರ್ಧೆಗಾಗಿ ಅವರು ಕರಾಚಿಯಿಂದ ಲಂಡನ್ನಿಗೆ ಒಂಟಿಯಾಗಿ ಹೊರಟರು. ಎದುರಿನಿಂದ ಬರುತ್ತಿದ್ದ ತರುಣ ಆಸ್ಪಿ ಇಂಜಿನಿಯರ್ ಈಜಿಪ್ಟಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಬಿದ್ದಿದ್ದರು. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು; ಬಹುಮಾನ ಆಸ್ಪಿಯವರ ಪಾಲಾಯಿತು!

ಪರವಾನಗಿಯ ಮಾನ್ಯತೆ ಅಂದೂ ಸುಲಭದ ವಿಷಯವಾಗಿರಲಿಲ್ಲ. ತನ್ನ ಪ್ರಜೆ ಪರದೇಶದಲ್ಲಿ ಪಡೆದ ಪರವಾನಗಿಯನ್ನು ತನ್ನ ಆಕಾಶದ ಮಟ್ಟಿಗೆ ಒಪ್ಪದಿರುವ ಹಕ್ಕನ್ನು 1919ರ ಪ್ಯಾರಿಸ್ ಒಪ್ಪಂದವೂ 1944ರ ಶಿಕಾಗೊ ಒಪ್ಪಂದವೂ ಆಯಾ ದೇಶಕ್ಕೆ ಬಿಟ್ಟುಕೊಟ್ಟಿವೆ. ಹಾಗಾಗಿಯೇ ಅಮೆರಿಕದಲ್ಲೋ ಫಿಲಿಪ್ಪೀನ್ಸ್‌ನಲ್ಲೋ ಕಲಿತು ಬರುವ ನಮ್ಮ ಮಕ್ಕಳು ಇಲ್ಲಿನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಡೆಸುವ ನಿಯಮಾವಳಿ, ದಿಕ್ಸೂಚನೆ, ಹವಾಮಾನ ವಿಷಯಗಳ ಪರೀಕ್ಷೆ ಹಾಗೂ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಲಕ್ಷಗಟ್ಟಲೆ ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸುವ ಹೆತ್ತವರು ಇದನ್ನು ಮೊದಲೇ ತಿಳಿದಿದ್ದರೆ ಒಳಿತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಟಪಾಲು ಹೊತ್ತು ತಂದರು. ಅಲ್ಲಿಂದ ಮುಂದೆ ಮದ್ರಾಸಿಗೆ ಒಯ್ದವರು ಅವರ ಜತೆಗಾರ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಆ ವಿಮಾನ ನಮ್ಮ ಬಳ್ಳಾರಿಯಲ್ಲಿ ಇಳಿದಿತ್ತು. ಆ ಟಪಾಲು ಸೇವೆಯೇ ಬೆಳೆದು ಏರ್ ಇಂಡಿಯಾ ಆಯಿತು. 1953ರಲ್ಲಿ ಅದು ಸರಕಾರದ ವಶವಾದ ಮೇಲೂ 1978ರವರೆಗೆ ಅವರು ಅಧ್ಯಕ್ಷರಾಗಿದ್ದರು.

1982ರ ಅದೇ ಅಕ್ಟೋಬರ್ 15ರಂದು, 78ರ ಹರೆಯದಲ್ಲಿ, ಕರಾಚಿಯಿಂದ ಮುಂಬಯಿಗೆ ಪುಟ್ಟ ಲೆಪರ್ಡ್ ಮಾತ್ ವಿಮಾನವನ್ನು ಮತ್ತೊಮ್ಮೆ ತಾವೇ ಹಾರಿಸಿದರು. 1992ರಲ್ಲಿ ಭಾರತರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದ ಅವರನ್ನು ಹುಟ್ಟಿದೂರಾದ ಪ್ಯಾರಿಸ್‌ನಲ್ಲಿ ಸಮಾಧಿ ಮಾಡಲಾಯಿತು.