ಹೊಡೆತ ತಿಂದವಳು ಎಲ್ಲಿಗೆ ಹೋಗಬೇಕು? ರಮಾಬಾಯಿ ಕೊಟ್ಟ ಉತ್ತರ

ಗೆಳತಿಯರೇ, ಮೈಸೂರು, ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ನಿಮ್ಮಲ್ಲಿ ಎಷ್ಟೋ ಜನರ ತವರು ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಇರಬಹುದು. ಈ ಎರಡು ಊರುಗಳ ನಡುವಿನ ರಸ್ತೆಯಲ್ಲಿರುವ ತೆರಕಣಾಂಬಿಯನ್ನೇ ತೆಗೆದುಕೊಳ್ಳಿ. ಅಲ್ಲೊಬ್ಬ ಹೆಣ್ಣುಮಗಳು ರಾತ್ರಿ ಹತ್ತು ಗಂಟೆಗೆ ಗಂಡನ ಕೈಲಿ ಹೊಡೆತ ತಿಂದು ಬೀದಿಗೆ ಬಂದಳು ಅಂತ ಇಟ್ಟುಕೊಳ್ಳಿ. ಅವಳು ಎಲ್ಲಿಗೆ ಹೋಗಬೇಕು? ಊರಿಗೆ ಹೋಗುವ ಕೊನೆಯ ಬಸ್ಸು ಹೋಗಿಯಾಗಿದೆ. ತವರಿಗೆ ಫೋನ್ ಮಾಡಿದರೆ, ಸ್ವಲ್ಪ ಹೊಂದಿಕೊಂಡು ಹೋಗಮ್ಮ ಅಂತಾರೆ. ಪಕ್ಕದ ಮನೆಯವರು ಗಂಡ-ಹೆಂಡತಿ ಜಗಳ ನಮಗ್ಯಾಕೆ ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಕಥೆ ಇದೇ. ಅಲ್ಲಿ ಬಾಗಿಲು ಇನ್ನೂ ಗಟ್ಟಿ, ಅಷ್ಟೇ!

ಎಲ್ಲಿಗೆ ಹೋಗಬೇಕು ಅನ್ನೋ ಈ ಪ್ರಶ್ನೆಗೆ ನೂರಮೂವತ್ತು ವರ್ಷಗಳಿಗೂ ಹಿಂದೆಯೇ ಒಬ್ಬ ಹೆಣ್ಣುಮಗಳು ಇಟ್ಟಿಗೆ, ಗಾರೆಯಲ್ಲಿ ಉತ್ತರ ಕಟ್ಟಿದಳು. ಅವಳೇ ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತ ನಾವು ಅಂದುಕೊಂಡಿದ್ದೇವೆ, ಆದರೆ ಹುಟ್ಟಿದ್ದು ನಮ್ಮದೇ ಪಶ್ಚಿಮ ಘಟ್ಟದಲ್ಲಿ. ಇವತ್ತು ನೊಂದ ಹೆಣ್ಣುಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಗಳು ಏನೇನು ಮಾಡುತ್ತವೋ, ಅದರಲ್ಲಿ ಬಹುಪಾಲನ್ನು ಆಗಲೇ ಮಾಡಿದ್ದವರು. ಅವರ ಬದುಕನ್ನು ಒಮ್ಮೆ ನೋಡೋಣ ಬನ್ನಿ.

ಗಂಗಾಮೂಲದ ಕೂಸು

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ-ಭದ್ರಾ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದ ಕಡೆಯವರು. ತಾಯಿ ಲಕ್ಷ್ಮೀಬಾಯಿಗೆ ಮದುವೆಯಾದಾಗ ಸುಮಾರು ಒಂಬತ್ತು ವರ್ಷ, ಗಂಡನಿಗೆ ನಲವತ್ತು ದಾಟಿತ್ತು. ಕೇಳಿದರೆ ಎದೆ ಝಲ್ಲೆನ್ನುತ್ತೆ ಅಲ್ವಾ? ಆದರೆ ಆ ಕಾಲದ ಮಟ್ಟಿಗೆ ಅನಂತಶಾಸ್ತ್ರಿಗಳದ್ದು ಬೇರೆಯದೇ ಮನಸ್ಸು. ಪುಣೆಯ ಪೇಶ್ವೆ ಮನೆತನದ ಹೆಂಗಸೊಬ್ಬರು ಸಂಸ್ಕೃತ ಓದುವುದನ್ನು ಕಂಡಿದ್ದ ಅವರು, ತಮ್ಮ ಹೆಂಡತಿಗೂ ಸಂಸ್ಕೃತ ಕಲಿಸಿಯೇ ಬಿಟ್ಟರು. ಜನ ಸುಮ್ಮನಿರುತ್ತಾರಾ? ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರು ಓದಬಹುದು ಅಂತ ಶಾಸ್ತ್ರದಿಂದಲೇ ತೋರಿಸಬೇಕಾಯಿತು. ಆ ತಾಯಿ ಕಲಿತದ್ದನ್ನು ಮಗಳಿಗೆ ಕಲಿಸಿದಳು. ಮನೆಯಲ್ಲಿ ತಾಯಿಗೆ ಅಕ್ಷರ ಬಂದರೆ ಅದು ಎಲ್ಲಿಗೆ ಮುಟ್ಟುತ್ತೆ ನೋಡಿ!

ಕೂಸಿಗೆ ಆರು ತಿಂಗಳಾದಾಗ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಘಟ್ಟ ಇಳಿದ ಕುಟುಂಬ, ಮುಂದೆ ಊರೂರು ತಿರುಗಿ ಪುರಾಣ ಹೇಳಿ ಹೊಟ್ಟೆ ಹೊರೆಯಿತು. ಆಮೇಲೆ ಬಂತು ಕ್ಷಾಮ. 1874ರಲ್ಲಿ ತಂದೆ ಹೋದರು, ಸ್ವಲ್ಪ ಸಮಯದಲ್ಲೇ ತಾಯಿ, ನಂತರ ಅಕ್ಕ. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಹೆಚ್ಚುಪಾಲು ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ಹುಡುಗಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ರಿಜಿಸ್ಟರ್ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ಹರೆಯ, ಕೈಯಲ್ಲಿ ಕೂಸು, ಹಿಂದೆ ತವರಿಲ್ಲ, ಮುಂದೆ ಆಸರೆಯಿಲ್ಲ. ನೀವಾಗಿದ್ದರೆ ಏನು ಮಾಡ್ತಿದ್ರಿ?

ಮನೆಯೊಳಗಿನ ಹಿಂಸೆ

ರಮಾಬಾಯಿ ಅಳುತ್ತಾ ಕೂರಲಿಲ್ಲ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಸರ್ಕಾರದ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿ, ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕಿಯರು, ಮಹಿಳಾ ಡಾಕ್ಟರು ಬೇಕು ಅಂತ ಕೇಳಿದರು.

ತಿರುಗಾಟದಲ್ಲಿ ಅವರು ಕಂಡಿದ್ದು ಒಂದೆರಡಲ್ಲ. ಎಂಟು-ಹತ್ತು ವರ್ಷಕ್ಕೇ ವಿಧವೆಯಾದ ಹುಡುಗಿಯರ ತಲೆ ಬೋಳಿಸುತ್ತಿದ್ದರು, ಒಪ್ಪೊತ್ತಿನ ಊಟ ಹಾಕುತ್ತಿದ್ದರು, ಗಂಡನನ್ನು ನುಂಗಿಕೊಂಡವಳು ಅಂತ ಬೈಯುತ್ತಿದ್ದರು, ಮನೆಯ ಗಂಡಸರ ಕೆಟ್ಟ ಕಣ್ಣು ಬೇರೆ. ಇವತ್ತು ಇದಕ್ಕೆ ಕೌಟುಂಬಿಕ ದೌರ್ಜನ್ಯ ಅಂತೀವಿ. ಆಗ ಇದಕ್ಕೆ ಹೆಸರೇ ಇರಲಿಲ್ಲ, ಹಣೆಬರಹ ಅಂತಿದ್ದರು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲೇ ಕ್ರೈಸ್ತ ಧರ್ಮ ಸ್ವೀಕರಿಸಿದರು. 1886ರಲ್ಲಿ ಡಾಕ್ಟರ್ ಪದವಿ ಪಡೆಯುತ್ತಿದ್ದ ಆನಂದಿಬಾಯಿ ಜೋಶಿಯವರ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಮರುವರ್ಷ ಅಲ್ಲಿ ಮೇಲ್ಜಾತಿ ಹಿಂದೂ ಹೆಂಗಸಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

ಅದೇ ಹೊತ್ತಿನಲ್ಲಿ ಮುಂಬಯಿಯಲ್ಲಿ ರಖಮಾಬಾಯಿ ಅನ್ನೋ ಹೆಣ್ಣುಮಗಳ ಕೇಸು ನಡೆಯುತ್ತಿತ್ತು. ಹನ್ನೊಂದನೇ ವಯಸ್ಸಿಗೆ ಕಟ್ಟಿದ ಮದುವೆಯನ್ನು ಒಪ್ಪದೆ ಗಂಡನ ಮನೆಗೆ ಹೋಗಲಾರೆ ಅಂದಿದ್ದಕ್ಕೆ, 1887ರಲ್ಲಿ ಕೋರ್ಟು ಗಂಡನ ಮನೆಗೆ ಹೋಗು, ಇಲ್ಲ ಜೈಲಿಗೆ ಹೋಗು ಅಂತ ಹೇಳಿತು. ರಮಾಬಾಯಿ ಇದನ್ನೂ ತಮ್ಮ ಪುಸ್ತಕದಲ್ಲಿ ಎತ್ತಿಕೊಂಡರು. ರಖಮಾಬಾಯಿ ಸೋಲಲಿಲ್ಲ ಅನ್ನಿ, 1888ರಲ್ಲಿ ಆ ಬಂಧನ ಬಿಡಿಸಿಕೊಂಡು ಮುಂದೆ ಡಾಕ್ಟರಾದರು. ಆದರೆ ಕಾನೂನೇ ಹೆಣ್ಣಿನ ಪರ ಇಲ್ಲದಿದ್ದಾಗ ಅವಳಿಗೊಂದು ಬೇರೆ ಸೂರು ಎಷ್ಟು ಮುಖ್ಯ ಅನ್ನೋದು ರಮಾಬಾಯಿಗೆ ಮನದಟ್ಟಾಗಿತ್ತು.

ಇಬ್ಬರಿಂದ ಶುರುವಾದ ಮನೆ

ಅಮೆರಿಕದ ಬಾಸ್ಟನ್ನಿನಲ್ಲಿ ಸೇರಿದ ಜನ ಹತ್ತು ವರ್ಷ ಹಣ ಕೊಡುತ್ತೇವೆ ಅಂತ ಮಾತು ಕೊಟ್ಟರು. ರಮಾಬಾಯಿ ಊರಿಗೆ ಮರಳಿ 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆದರು. ಶುರುವಿನಲ್ಲಿದ್ದವರು ಎಷ್ಟು ಮಂದಿ ಗೊತ್ತಾ? ಇಬ್ಬರೇ! ಅವರಲ್ಲಿ ಗೋದೂಬಾಯಿ ಅನ್ನೋ ಬಾಲವಿಧವೆ ಅಲ್ಲಿ ಓದಿ, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಆದರು. ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು ಇದೇ ಕರ್ವೆ.

1890ರಲ್ಲಿ ಸದನ ಪುಣೆಗೆ ಬಂತು. ಎಲ್ಲ ಸುಸೂತ್ರವಾಗಿ ನಡೆಯಲಿಲ್ಲ. ಹುಡುಗಿಯರನ್ನು ಮತಾಂತರ ಮಾಡ್ತಾರೆ ಅನ್ನೋ ಆರೋಪ ಎದ್ದು, 1893ರಲ್ಲಿ ರಾನಡೆ, ಭಂಡಾರಕರ್ ಅಂಥ ದೊಡ್ಡವರೇ ಸಲಹಾ ಸಮಿತಿ ಬಿಟ್ಟರು. ಹಲವು ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ರಮಾಬಾಯಿಯ ಧರ್ಮದ ದಾರಿ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ, ಇವತ್ತಿಗೂ ಆ ಚರ್ಚೆ ಇದೆ. ಆದರೆ ಬಂದವಳನ್ನು ವಾಪಸ್ ಕಳಿಸುವುದಿಲ್ಲ ಅನ್ನೋ ಹಟ ಮಾತ್ರ ಅವರು ಬಿಡಲಿಲ್ಲ.

ಕೇಡಗಾಂವ್‌ನ ಮುಕ್ತಿ

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಕ್ಷಾಮ. ಹಸಿದ ಹುಡುಗಿಯರನ್ನು ಕೆಟ್ಟ ದಂಧೆಗೆ ಎಳೆದುಕೊಂಡು ಹೋಗಲು ಜನ ಹೊಂಚು ಹಾಕುತ್ತಿದ್ದರು. ಸ್ವತಃ ಕ್ಷಾಮದಲ್ಲಿ ಹೆತ್ತವರನ್ನು ಕಳೆದುಕೊಂಡಿದ್ದ ರಮಾಬಾಯಿಗೆ ಸುಮ್ಮನಿರಲು ಆಗಲಿಲ್ಲ. ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದುದರಿಂದ ಇಷ್ಟು ಜನರನ್ನು ಊರಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಊರಾಚೆ ಕೇಡಗಾಂವ್‌ನಲ್ಲಿ ಕೊಂಡಿಟ್ಟಿದ್ದ ಸುಮಾರು ನೂರು ಎಕರೆ ಜಮೀನಿನಲ್ಲಿ ಡೇರೆ ಹಾಕಿದರು. ಅದೇ ಮುಂದೆ ಮುಕ್ತಿ ಸದನ ಆಯಿತು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ!

ಇಷ್ಟು ಜನಕ್ಕೆ ಬರೀ ಅನ್ನ ಹಾಕಿ ಕೂರಿಸಲಿಲ್ಲ. ಬೇಸಾಯ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು ಎಲ್ಲವನ್ನೂ ಹೆಂಗಸರೇ ಕಲಿತು ಮಾಡಿದರು. ಕಣ್ಣಿಲ್ಲದವರಿಗೆ ಬ್ರೈಲ್ ಓದಿಸಿದರು.

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಕೃಪಾ ಸದನ. ಗಂಡಸರ ಕೈಲಿ ಲೈಂಗಿಕವಾಗಿ ಹಾಳಾಗಿ, ಕೆಟ್ಟವಳು ಅಂತ ಹಣೆಪಟ್ಟಿ ಹಚ್ಚಿಸಿಕೊಂಡವರಿಗಾಗಿ 1899ರ ಸುಮಾರಿಗೆ ತೆರೆದ ಮನೆ ಅದು. ಆ ಕಾಲದ ಮರ್ಯಾದಸ್ಥರು ಇಂಥವರ ನೆರಳನ್ನೂ ಸೋಕಿಸಿಕೊಳ್ಳುತ್ತಿರಲಿಲ್ಲ. ಅವರಿಗೂ ಊಟ, ಔಷಧಿ, ಕೆಲಸ ಬೇಕು, ತಪ್ಪು ಅವರದ್ದಲ್ಲ ಅಂತ ರಮಾಬಾಯಿ ನಂಬಿದ್ದರು.

ಮಗಳು ಮನೋರಮಾ ತಾಯಿಯ ಬಲಗೈಯಾದರು. 1912ರ ಸುಮಾರಿಗೆ ಈ ತಾಯಿ-ಮಗಳು ನಮ್ಮ ಗುಲ್ಬರ್ಗದಲ್ಲೂ, ಅಂದರೆ ಇಂದಿನ ಕಲಬುರಗಿಯಲ್ಲೂ, ಶಾಲೆ ತೆರೆದರು. 1921ರಲ್ಲಿ ಮನೋರಮಾ ತೀರಿಕೊಂಡರು. ಆ ದುಃಖದಲ್ಲೇ 1922ರ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಣು ಮುಚ್ಚಿದರು. ಅವರು ಕಟ್ಟಿದ ಮುಕ್ತಿ ಸಂಸ್ಥೆ ಇಂದಿಗೂ ಇದೆ.

ನಮಗೇನು ಪಾಠ?

ರಮಾಬಾಯಿ ಮಾಡಿದ್ದನ್ನು ಕೂಡಿಸಿ ನೋಡಿದರೆ ಮೂರೇ ಮಾತು. ಮೊದಲು ಬಾಗಿಲು ತೆಗಿ. ತಪ್ಪು ಯಾರದ್ದು ಅಂತ ವಿಚಾರಣೆ ಮಾಡಬೇಡ. ಅವಳ ಕೈಗೊಂದು ದುಡಿಮೆ ಕೊಡು. ಇದರಲ್ಲಿ ಒಂದು ತಪ್ಪಿದರೂ ಹೆಣ್ಣುಮಗಳು ಮತ್ತೆ ಅದೇ ಹೊಡೆತದ ಮನೆಗೆ ಹೋಗಿ ನಿಲ್ಲುತ್ತಾಳೆ. ದುಡ್ಡಿಲ್ಲ, ಜಾಗವಿಲ್ಲ, ನಂಬುವವರಿಲ್ಲ... ಹೋಗದೆ ಇನ್ನೇನು ಮಾಡಿಯಾಳು?

ರಮಾಬಾಯಿಗೆ ಇಲ್ಲದ ಒಂದು ಬಲ ನಮಗಿದೆ, ಅದು ಕಾನೂನು. ಹಾಗಾಗಿ ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ:

* ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಬಲವಂತದ ಲೈಂಗಿಕತೆ, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು ಕೂಡ ದೌರ್ಜನ್ಯವೇ. ಹೆಂಡತಿಗಷ್ಟೇ ಅಲ್ಲ, ಮನೆಯಲ್ಲಿರುವ ತಾಯಿ, ಅಕ್ಕತಂಗಿ, ವಿಧವೆ ಸೊಸೆಗೂ ಇದು ರಕ್ಷಣೆ.

* ಮನೆ ನಿಮ್ಮ ಹೆಸರಲ್ಲಿ ಇಲ್ಲ ಅಂತ ಹೆದರಬೇಡಿ. ನೀವು ಸಂಸಾರ ಮಾಡಿದ ಮನೆ ಅತ್ತೆ-ಮಾವನ ಹೆಸರಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

* ತುರ್ತಿದ್ದರೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

* ಒಂದೇ ಕಡೆ ಚಿಕಿತ್ಸೆ, ಪೊಲೀಸು, ವಕೀಲರ ನೆರವು, ಕೆಲ ದಿನದ ತಂಗುವ ವ್ಯವಸ್ಥೆ ಸಿಗಲಿ ಅಂತ ಸರ್ಕಾರ 2015ರಲ್ಲಿ ಸಖಿ ಕೇಂದ್ರಗಳ ಯೋಜನೆ ತಂದಿತು. ತೆರಕಣಾಂಬಿಯ ಹೆಣ್ಣುಮಗಳಿಗೆ ಹತ್ತಿರದ್ದು ಯಾವುದು, ಅಲ್ಲಿಗೆ ಹೋಗೋದು ಹೇಗೆ ಅಂತ 181ಕ್ಕೆ ಕೇಳಿದರೆ ಹೇಳುತ್ತಾರೆ.

* ಅತ್ಯಾಚಾರವಾದಾಗ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬೇಗ ಆಸ್ಪತ್ರೆಗೆ ಹೋಗಬೇಕು. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಮೊದಲ ಚಿಕಿತ್ಸೆ ಕೊಡಲೇಬೇಕು. ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು.

* ಆಧಾರ್, ಬ್ಯಾಂಕ್ ಪಾಸ್‌ಬುಕ್, ಮದುವೆಯ ದಾಖಲೆ, ಮಕ್ಕಳ ಸರ್ಟಿಫಿಕೇಟಿನ ಪ್ರತಿಗಳನ್ನು ನಂಬಿಕೆಯ ಒಬ್ಬರ ಮನೆಯಲ್ಲಿ ಇಡಿ. ನಿಮ್ಮದೇ ಹೆಸರಲ್ಲಿ ಸಣ್ಣದಾದರೂ ಒಂದು ಖಾತೆ ಇರಲಿ.

ನೊಂದವಳು ನೀವಲ್ಲ, ಮನೆಕೆಲಸಕ್ಕೆ ಬರುವ ಹುಡುಗಿಯೋ, ಎದುರು ಮನೆಯ ಸೊಸೆಯೋ ಇರಬಹುದು. ಅವಳ ಕೈ ಮೇಲಿನ ಬರೆ ಕಂಡರೆ ನೀನೇನು ಮಾಡಿದ್ದೆ ಅಂತ ಮೊದಲು ಕೇಳಬೇಡಿ. ಒಳಗೆ ಕರೆದು ಕೂರಿಸಿ, ಒಂದು ಲೋಟ ಕಾಫಿ ಕೊಡಿ, ಅವಳು ಹೇಳುವಷ್ಟನ್ನು ಕೇಳಿಸಿಕೊಳ್ಳಿ. ಅವಳ ಗುಟ್ಟನ್ನು ಕಿಟ್ಟಿ ಪಾರ್ಟಿಗೆ ಒಯ್ಯಬೇಡಿ. ಮುಂದೇನು ಅನ್ನೋದನ್ನು ಅವಳೇ ತೀರ್ಮಾನಿಸಲಿ, ನಂಬರ್ ಮಾತ್ರ ಕೈಗಿಡಿ. ಹಾಗೇ ನಿಮ್ಮ ಮಗಳಿಗೆ ಮದುವೆ ಮಾಡಿ ಕಳಿಸುವಾಗ ಒಂದು ಮಾತು ಬಾಯಿಬಿಟ್ಟು ಹೇಳಿ, ತೊಂದರೆಯಾದರೆ ಈ ಮನೆ ಬಾಗಿಲು ಯಾವಾಗಲೂ ತೆರೆದಿರುತ್ತೆ ಅಂತ.

ರಮಾಬಾಯಿ ಶುರು ಮಾಡಿದ್ದು ಇಬ್ಬರಿಂದ. ನಾವು ಒಬ್ಬಳಿಂದ ಶುರು ಮಾಡಬಾರದೇ?