ದಲೀಪ್ ಸಿಂಗ್ ಸೌಂದ್: ಕಾದು ಪಡೆದ ಪೌರತ್ವ

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂದಿತು. ಆಕೆ ಮೈಸೂರಿನವಳು, ಹದಿನೇಳು ವರ್ಷಗಳಿಂದ ಗಂಡನೊಡನೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿಗೆ ಹೋಗುವಾಗ ಮಗನಿಗೆ ಮೂರು ವರ್ಷ, ಈಗ ಇಪ್ಪತ್ತು. ತಂದೆಯ ಉದ್ಯೋಗದ ವೀಸಾದ ನೆರಳಿನಲ್ಲಿ ಬೆಳೆದ ಹುಡುಗ. ಇಪ್ಪತ್ತೊಂದು ತುಂಬಿದ ದಿನ ಆ ನೆರಳು ಸರಿದುಹೋಗುತ್ತದೆ. ಕಾಯಂ ವಾಸದ ಅನುಮತಿಗಾಗಿ ತಂದೆ ಸಲ್ಲಿಸಿದ ಅರ್ಜಿಯೋ ಸಾಲಿನಲ್ಲಿ ಬಹು ಹಿಂದೆ ನಿಂತಿದೆ. ವರ್ಷಕ್ಕೆ ಹಂಚುವ ಅನುಮತಿಗಳಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲಬಾರದೆಂಬುದು ಅಲ್ಲಿಯ ಕಾಯಿದೆ. ಇಂಥ ಸಂಕಟವನ್ನು ಹಿಂದಿನವರು ಹೇಗೆ ದಾಟಿದರೆಂದು ಆಕೆ ಕೇಳಿದ್ದಳು. ನಾನು ವಕೀಲನಲ್ಲ, ಪಾಠ ಹೇಳಿಕೊಂಡು ಬದುಕಿದವನು. ನನಗೆ ಆಗ ನೆನಪಾದದ್ದು ದಲೀಪ್ ಸಿಂಗ್ ಸೌಂದ್ ಎಂಬುವರ ಬಾಳು. ಆಕೆಗೆ ಬರೆದುದನ್ನೇ ತುಸು ವಿಸ್ತರಿಸಿ ಇಲ್ಲಿ ನಿರೂಪಿಸುತ್ತಿದ್ದೇನೆ.

ದಲೀಪ್ ಸಿಂಗರು ಹುಟ್ಟಿದ್ದು 1899ರಲ್ಲಿ, ಅಮೃತಸರ ಜಿಲ್ಲೆಯ ಛಜ್ಜಲ್ವಡ್ಡಿ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಮನೆಯ ಹಿರಿಯರು ಊರ ಮಕ್ಕಳಿಗಾಗಿ ಒಂದು ಶಾಲೆಯನ್ನು ನಿಲ್ಲಿಸಿದ್ದರು. ಓದಿಲ್ಲದವರಿಗೆ ಓದಿನ ಬೆಲೆ ಹೆಚ್ಚು ತಿಳಿದಿರುವುದನ್ನು ನಮ್ಮ ಹಳ್ಳಿಗಳಲ್ಲಿಯೂ ಕಂಡಿದ್ದೇವೆ. ಹುಡುಗ ಜಮ್ಮುವಿನ ಕಾಲೇಜಿನಲ್ಲಿ ಓದಿ 1919ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಪದವಿ ಪಡೆದನು. ಅದೇ ವರ್ಷದ ಏಪ್ರಿಲಿನಲ್ಲಿ ಅವನ ಜಿಲ್ಲೆಯ ಮುಖ್ಯ ಪಟ್ಟಣದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ಗಾಂಧೀಜಿಯವರಲ್ಲಿ ಭಕ್ತಿ, ಅಬ್ರಹಾಂ ಲಿಂಕನರ ಬರಹಗಳಲ್ಲಿ ಪ್ರೀತಿ: ಈ ಎರಡನ್ನೂ ಎದೆಯಲ್ಲಿಟ್ಟುಕೊಂಡು ಆತ ಸಮುದ್ರಯಾನಕ್ಕೆ ಸಿದ್ಧನಾದನು. ಹಣ್ಣುಗಳನ್ನು ಕೆಡದಂತೆ ಡಬ್ಬಿಗಳಲ್ಲಿ ತುಂಬಿಡುವ ವಿದ್ಯೆಯನ್ನು ಕಲಿತು, ಎರಡು ಮೂರು ವರ್ಷಗಳಲ್ಲಿ ಹಿಂತಿರುಗಿ, ಊರಿನಲ್ಲಿ ಮಾವಿನ ಹಣ್ಣಿನ ಉದ್ಯಮವನ್ನು ಹೂಡುವುದು ಮನೆಯವರಿಗೆ ಕೊಟ್ಟ ಮಾತು. ಹಿಂತಿರುಗಿದ್ದು ಮೂವತ್ತೇಳು ವರ್ಷಗಳ ಮೇಲೆ, ಅತಿಥಿಯಾಗಿ.

1920ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಆತ ಇಳಿದಾಗ ಅಮೆರಿಕದ ಬಾಗಿಲು ಏಷ್ಯದವರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1917ರ ಕಾಯಿದೆಯು ಭೂಪಟದ ಮೇಲೆ ಒಂದು ಗೆರೆಯನ್ನೆಳೆದು, ಆ ಗೆರೆಯೊಳಗಿನ ನಾಡುಗಳ ಕೂಲಿಕಾರರು ಬರಕೂಡದೆಂದು ವಿಧಿಸಿತ್ತು. ಭಾರತವು ಆ ಗೆರೆಯೊಳಗೆ ಸೇರಿತ್ತು. ವಿದ್ಯಾರ್ಥಿಗಳೇ ಮೊದಲಾದ ಕೆಲವರಿಗೆ ವಿನಾಯಿತಿ. ಹೀಗೆ ಒಂದು ಕಿರುಬಾಗಿಲಿನಿಂದ ಒಳಬಂದ ಯುವಕ ಬರ್ಕ್ಲಿಯ ವಿಶ್ವವಿದ್ಯಾನಿಲಯವನ್ನು ಸೇರಿ, ಸ್ಟಾಕ್‌ಟನ್ನಿನ ಗುರುದ್ವಾರದವರು ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ಮನೆಯಲ್ಲಿ ವಾಸಮಾಡಿ, ರಜೆಯಲ್ಲಿ ಹಣ್ಣಿನ ಕಾರ್ಖಾನೆಗಳಲ್ಲಿ ದುಡಿದು ಓದಿದನು. ಕೃಷಿವಿದ್ಯೆ ಹಿಂದೆ ಬಿದ್ದಿತು, ಗಣಿತ ಗೆದ್ದಿತು. 1922ರಲ್ಲಿ ಎಂ.ಎ., 1924ರಲ್ಲಿ ಪಿಎಚ್.ಡಿ.

ಈ ಎರಡು ಪದವಿಗಳ ನಡುವಣ ಒಂದು ದಿನ ಅವರ ಮುಂದಿನ ಕಾಲು ಶತಮಾನವನ್ನು ಆಳಿತು. 1923ರ ಫೆಬ್ರವರಿ 19ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಗತ್ ಸಿಂಗ್ ಥಿಂದ್ ಎಂಬುವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. (ನಮ್ಮ ಹುತಾತ್ಮ ಭಗತ್ ಸಿಂಗರಲ್ಲ, ಬೇರೊಬ್ಬರು.) ಥಿಂದರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ಧರಿಸಿದವರು. 1790ರಷ್ಟು ಹಿಂದಿನ ಕಾಯಿದೆಯಂತೆ ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕ ಮೂಲದವರನ್ನು ಸೇರಿಸಲಾಯಿತು. ನಡುವೆ ಉಳಿದವರು ಏಷ್ಯದವರು. ಥಿಂದರ ಪರವಾಗಿ ಮಂಡಿಸಿದ ವಾದವೆಂದರೆ, ತಾವು ಉನ್ನತ ಜಾತಿಯ ಆರ್ಯರು, ಮಾನವಶಾಸ್ತ್ರಜ್ಞರ ವಿಂಗಡಣೆಯಂತೆ ಬಿಳಿಯರ ಬಳಗದವರೇ, ಎಂಬುದು. ಈ ವಾದವನ್ನು ಓದುವಾಗ ನನಗೆ ಪ್ರತಿ ಸಲವೂ ಮುಜುಗರವಾಗುತ್ತದೆ. ಗೋಡೆ ಅನ್ಯಾಯದ್ದೆಂದು ಅವರು ಹೇಳಲಿಲ್ಲ. ತಾವು ಗೋಡೆಯ ಒಳಗಿನವರೆಂದರು. ನಮ್ಮ ಜಾತಿಯ ಅಭಿಮಾನವು ಹಡಗನ್ನೇರಿ ಸಾಗರ ದಾಟಿ ಪರದೇಶದ ನ್ಯಾಯಸ್ಥಾನದವರೆಗೂ ಹೋಗಿ ನಿಂತದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಕೆಲವೇ ತಿಂಗಳ ಹಿಂದೆ ಜಪಾನೀಯರೊಬ್ಬರ ಅರ್ಜಿಯನ್ನು ತಳ್ಳುವಾಗ ಶಾಸ್ತ್ರದ ವಿಂಗಡಣೆಯನ್ನು ನೆಚ್ಚಿದ್ದ ಅದೇ ಪೀಠವು, ಈಗ ಶಾಸ್ತ್ರ ಬೇಡ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯನು ಬಿಳಿಯನಲ್ಲ, ಅಷ್ಟು ಸಾಕು, ಎಂಬ ನಿಲವನ್ನು ತಳೆಯಿತು. ಎರಡೂ ತೀರ್ಪುಗಳನ್ನು ಬರೆದ ನ್ಯಾಯಮೂರ್ತಿ ಸದರ್ಲೆಂಡರು ತಾವೇ ಇಂಗ್ಲೆಂಡಿನಲ್ಲಿ ಹುಟ್ಟಿ ಮಗುವಾಗಿ ವಲಸೆ ಬಂದವರು.

ತೀರ್ಪಿನ ಪೆಟ್ಟು ಮುಂದೆ ಬರುವವರಿಗಷ್ಟೇ ಅಲ್ಲ, ಈಗಾಗಲೇ ಪೌರರಾಗಿದ್ದವರಿಗೂ ತಗುಲಿತು. ವೈಷ್ಣೋ ದಾಸ್ ಬಗಾಯ್ ಎಂಬುವರು 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಸಾನ್ ಫ್ರಾನ್ಸಿಸ್ಕೋಗೆ ಬಂದು ಅಂಗಡಿಯಿಟ್ಟವರು. 1921ರಲ್ಲಿ ಪೌರತ್ವ ಪಡೆದಿದ್ದರು. ಅದನ್ನು ಕಿತ್ತುಕೊಳ್ಳಲಾಯಿತು. ಅಂಗಡಿ ಹೋಯಿತು. ಊರಿಗೊಮ್ಮೆ ಹೋಗಿ ಬರೋಣವೆಂದರೆ ಅಮೆರಿಕದ ರಹದಾರಿ ದೊರೆಯದು. ಯಾವ ಬ್ರಿಟಿಷ್ ಪ್ರಜೆತನವನ್ನು ತೊರೆದು ಬಂದಿದ್ದರೋ ಅದನ್ನೇ ಮತ್ತೆ ಬೇಡಬೇಕು. 1928ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಕಲಾ ಬಗಾಯ್ ಮಕ್ಕಳನ್ನು ಅಲ್ಲಿಯೇ ಬೆಳೆಸಿ ಓದಿಸಿದರು.

ಇಂಥ ಕಾಲದಲ್ಲಿ ಗಣಿತದ ಡಾಕ್ಟರಾದ ದಲೀಪ್ ಸಿಂಗರು ಏನು ಮಾಡಬಲ್ಲವರಾಗಿದ್ದರು? ವಿದ್ಯೆಗೆ ತಕ್ಕ ಹುದ್ದೆಯ ಬಾಗಿಲುಗಳು ತೆರೆಯಲಿಲ್ಲ. ಅಂದಿನ ಕ್ಯಾಲಿಫೋರ್ನಿಯದಲ್ಲಿ ಭಾರತೀಯನಿಗೆ ದಕ್ಕುತ್ತಿದ್ದುದು ಹೊಲದ ಕೆಲಸ. 1925ರಲ್ಲಿ ಅವರು ಮೆಕ್ಸಿಕೋ ಗಡಿಗೆ ಹತ್ತಿರದ ಇಂಪೀರಿಯಲ್ ಕಣಿವೆಗೆ ಹೋಗಿ, ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು. ಬಳಿಕ ತಾವೇ ಲೆಟ್ಯೂಸ್ ಸೊಪ್ಪು ಮುಂತಾದ ಬೆಳೆಗಳಿಗೆ ಕೈಹಾಕಿದರು. ಆ ಕಣಿವೆ ಕೊಲರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತಂದು ಹಸುರಾಗಿಸಿದ ಮರುಭೂಮಿ. ಬೇಸಗೆಯ ಬಿಸಿಲು ನಮ್ಮ ರಾಯಚೂರಿನದನ್ನೂ ಮೀರಿಸುವಂಥದು.

ಹೊಲ ಮಾಡುವುದೂ ಸುಲಭವಿರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಭೂಮಿಯನ್ನು ಕೊಳ್ಳಕೂಡದೆಂದು ಕ್ಯಾಲಿಫೋರ್ನಿಯದ 1913ರ ಕಾಯಿದೆ. ಗುತ್ತಿಗೆಗೂ ಹಿಡಿಯಕೂಡದೆಂದು 1920ರ ತಿದ್ದುಪಡಿ. ನಿಯಮದಲ್ಲಿ ಭಾರತೀಯ, ಜಪಾನೀಯ ಎಂಬ ಮಾತುಗಳೇ ಇಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ಎಂಬ ಒಂದೇ ಪದಪುಂಜ. ಯಾರು ಅರ್ಹರಲ್ಲವೆಂಬುದನ್ನು ಬೇರೊಂದು ಕಾಯಿದೆ ಹೇಳುತ್ತದೆ. ಹೀಗೆ ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ನಿಂತ ಕಾಯಿದೆಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ನಿರಪರಾಧಿಯಂತೆ ಕಾಣುತ್ತದೆ. ಪಂಜಾಬಿ ರೈತರು ನಂಬಿಕೆಯ ಅಮೆರಿಕನ್ ಗೆಳೆಯರ ಹೆಸರಿನಲ್ಲಿ ಹೊಲ ಹಿಡಿದರು. ಊರಿನಿಂದ ಹೆಂಡತಿಯರನ್ನು ಕರೆತರಲಾಗದ ಅನೇಕರು ಮೆಕ್ಸಿಕೋ ಮೂಲದ ಹೆಂಗಸರನ್ನು ವಿವಾಹವಾಗಿ, ಅಲ್ಲಿ ಹುಟ್ಟಿದ ಮಕ್ಕಳ ಹೆಸರಿಗೆ ಭೂಮಿ ಬರೆಯಿಸಿದರು. ಆ ಮಣ್ಣಿನಲ್ಲಿ ಹುಟ್ಟಿದ ಕೂಸು ಹುಟ್ಟಿನಿಂದಲೇ ಪ್ರಜೆಯಲ್ಲವೆ? ಉಳುವವನು ಅಪ್ಪ, ಪಹಣಿಯಲ್ಲಿ ತೊಟ್ಟಿಲ ಮಗು!

ದಲೀಪ್ ಸಿಂಗರ ವಿವಾಹ ನಡೆದದ್ದು 1928ರಲ್ಲಿ, ಮೇರಿಯನ್ ಕೋಸಾ ಎಂಬ ತರುಣಿಯೊಡನೆ. ಆಕೆಯ ತಂದೆ ಚೆಕ್ ನಾಡಿನಿಂದ ಬಂದ ಚಿತ್ರಕಾರರು. ಆ ವರ್ಷ ಜಾರಿಯಲ್ಲಿದ್ದ ಇನ್ನೊಂದು ಕಾಯಿದೆಯನ್ನು ಇಲ್ಲಿ ಹೇಳಲೇಬೇಕು. 1922ರ ಕೇಬಲ್ ಕಾಯಿದೆಯು ಹೆಂಗಸಿನ ಪೌರತ್ವವನ್ನು ಗಂಡನ ಪೌರತ್ವದಿಂದ ಬಿಡಿಸಿದ ಸುಧಾರಣೆಯೆಂದು ಹೆಸರಾದದ್ದು. ಆದರೆ ಅದರ ಮಡಿಲಲ್ಲೇ ಒಂದು ಮುಳ್ಳಿತ್ತು: ಪೌರತ್ವಕ್ಕೆ ಅರ್ಹನಲ್ಲದ ಪರದೇಶಿಯನ್ನು ವರಿಸಿದ ಅಮೆರಿಕನ್ ಹೆಣ್ಣು ತನ್ನ ಪೌರತ್ವವನ್ನೂ ಕಳೆದುಕೊಳ್ಳಬೇಕು. ತಾರಕನಾಥ ದಾಸರ ಪತ್ನಿ ಮೇರಿ, ತಲೆತಲಾಂತರದ ಅಮೆರಿಕನ್ನಳು, ಹೀಗೆ ತನ್ನ ನಾಡಿನಲ್ಲಿಯೇ ಪರದೇಶಿಯಾದಳು. 1931ರಲ್ಲಿ ಆ ಮುಳ್ಳನ್ನು ಕಿತ್ತರು. ಅಲ್ಲಿಯವರೆಗೆ ಇಂಥ ಮನೆಗಳಲ್ಲಿ ಊಟಕ್ಕೆ ಕುಳಿತ ಪಂಕ್ತಿಯನ್ನು ಒಮ್ಮೆ ಊಹಿಸಿ ನೋಡಿ: ಪೌರನಾಗಲಾರದ ಗಂಡ, ಅವನ ಕೈಹಿಡಿದುದರಿಂದ ಪೌರತ್ವ ನೀಗಿದ ಹೆಂಡತಿ, ತೊಡೆಯ ಮೇಲೆ ಜನ್ಮತಃ ಪ್ರಜೆಯಾದ ಮಗು. ಸೊಸೆಯನ್ನು ಹೊಸಲು ದಾಟಿಸಿ ತುಂಬಿಸಿಕೊಳ್ಳುವುದು ನಮ್ಮಲ್ಲಿ ಶುಭಕಾರ್ಯ. ಅಲ್ಲಿ ಹೊಸಲು ದಾಟಿದವಳನ್ನು ಊರೇ ಹೊರಗಿಟ್ಟಿತು.

ದಲೀಪ್ ಸಿಂಗ್ ದಂಪತಿಗಳಿಗೆ ಮೂವರು ಮಕ್ಕಳಾದರು. ಬೆಳೆ ಒಂದು ವರ್ಷ ಕೈಹತ್ತಿದರೆ ಇನ್ನೊಂದು ವರ್ಷ ಮಣ್ಣುಪಾಲು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಸಾಲ ತಲೆಗೇರಿತು. ದಿವಾಳಿ ಅರ್ಜಿ ಕೊಟ್ಟು ಪಾರಾಗೆಂದು ಹಿತೈಷಿಗಳು ಹೇಳಿದರೂ ಅವರು ಒಪ್ಪದೆ, ಹಲವು ವರ್ಷ ದುಡಿದು ತೀರಿಸಿದರು. ಇದರ ನಡುವೆಯೇ ಅವರು ಊರೂರಿಗೆ ಹೋಗಿ ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡುತ್ತಿದ್ದರು. ಕ್ಯಾಥರೀನ್ ಮೇಯೊ ನಮ್ಮ ದೇಶವನ್ನು ಹಳಿದು ಬರೆದ ಪುಸ್ತಕಕ್ಕೆ ಉತ್ತರವಾಗಿ, ಸ್ಟಾಕ್‌ಟನ್ನಿನ ಸಿಖ್ಖರ ಕೋರಿಕೆಯಂತೆ ಒಂದು ಗ್ರಂಥವನ್ನು ಬರೆದರು. ಅದು 1930ರಲ್ಲಿ ಪ್ರಕಟವಾಯಿತು.

ಎರಡನೆಯ ಮಹಾಯುದ್ಧ ಬಂದಿತು. ಚೀನವು ಮಿತ್ರರಾಷ್ಟ್ರವಾದ್ದರಿಂದ 1943ರಲ್ಲಿ ಚೀನೀಯರಿಗೆ ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ನಮಗೇಕೆ ಇಲ್ಲವೆಂದು ಭಾರತೀಯರು ಕೇಳಿದರು. 1942ರಲ್ಲಿ ಕ್ಯಾಲಿಫೋರ್ನಿಯದ ಭಾರತೀಯರು ಕಟ್ಟಿದ ಸಂಘಕ್ಕೆ ದಲೀಪ್ ಸಿಂಗರು ಅಧ್ಯಕ್ಷರಾದರು. ಪೂರ್ವ ತೀರದಲ್ಲಿ ಜೆ. ಜೆ. ಸಿಂಗ್ ಎಂಬ ವರ್ತಕರು ವಾಷಿಂಗ್ಟನ್ನಿನ ಬಾಗಿಲುಗಳನ್ನು ಎಡೆಬಿಡದೆ ತಟ್ಟಿದರು. ಮಂಡಿತವಾಗಿ, ಬಿದ್ದು, ಮತ್ತೆ ಎದ್ದ ಮಸೂದೆಗೆ ಅಧ್ಯಕ್ಷ ಟ್ರೂಮನ್ನರು 1946ರ ಜುಲೈ 2ರಂದು ರುಜು ಹಾಕಿದರು. ಲೂಸ್ ಮತ್ತು ಸೆಲ್ಲರ್ ಎಂಬ ಇಬ್ಬರು ಸದಸ್ಯರ ಹೆಸರು ಹೊತ್ತ ಆ ಕಾಯಿದೆ ಭಾರತೀಯರಿಗೆ ಪೌರತ್ವದ ಅರ್ಹತೆಯನ್ನು ಕೊಟ್ಟಿತು. ವರ್ಷಕ್ಕೆ ನೂರು ಮಂದಿ ಬರಬಹುದೆಂದಿತು. ನೂರೇ ನೂರು! ಆದರೂ ಅಲ್ಲಿ ಆಗಲೇ ನೆಲೆಸಿದ್ದವರಿಗೆ ಆ ಸಂಖ್ಯೆಗಿಂತ ಅರ್ಹತೆಯ ಮಾತು ದೊಡ್ಡದಾಗಿತ್ತು. ಕಲಾ ಬಗಾಯ್ ಕೂಡ ಆ ಕಾಯಿದೆಯಿಂದಲೇ ಪೌರಳಾದರು. ದಲೀಪ್ ಸಿಂಗರು 1949ರ ಡಿಸೆಂಬರ್ 16ರಂದು ಪ್ರಮಾಣವಚನ ಸ್ವೀಕರಿಸಿದರು. ಆಗ ಅವರಿಗೆ ಐವತ್ತು ವರ್ಷ. ಬಂದು ಇಪ್ಪತ್ತೊಂಬತ್ತು ವರ್ಷ.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಮರುವರ್ಷವೇ ವೆಸ್ಟ್‌ಮೋರ್‌ಲೆಂಡ್ ಎಂಬ ಸಣ್ಣ ಊರಿನ ನ್ಯಾಯಾಧೀಶ ಸ್ಥಾನಕ್ಕೆ ಅವರು ನಿಂತು ಗೆದ್ದರು. ಅಲ್ಲಿ ಆ ಹುದ್ದೆಗೂ ಚುನಾವಣೆಯುಂಟು. ಆದರೆ ಚುನಾವಣೆಯ ಹೊತ್ತಿಗೆ ಪೌರರಾಗಿ ಒಂದು ವರ್ಷ ತುಂಬಿರಲಿಲ್ಲವೆಂದು ಪೀಠವನ್ನು ಕೊಡಲಿಲ್ಲ. ಅವರು ಕೂಗಾಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದು ಪೀಠವೇರಿದರು. ನಿಮ್ಮ ನ್ಯಾಯಾಲಯಕ್ಕೆ ಬರುವವರಿಗೆ ರುಮಾಲನ್ನೂ ನೀವೇ ಕೊಡುವಿರೋ ಎಂದು ಒಬ್ಬ ಕೆಣಕಿದಾಗ, ತಲೆಯ ಮೇಲೆ ಏನಿದೆಯೆಂಬುದು ನನಗೆ ಬೇಡ, ತಲೆಯ ಒಳಗೆ ಏನಿದೆಯೆಂಬುದಷ್ಟೇ ಬೇಕು ಎಂಬ ಅರ್ಥದ ಉತ್ತರ ಕೊಟ್ಟರಂತೆ.

1956ರಲ್ಲಿ ಅವರು ಅಮೆರಿಕದ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಉಮೇದುವಾರರಾದರು. ಪ್ರತಿನಿಧಿಯಾಗುವವನು ಏಳು ವರ್ಷ ಪೌರನಾಗಿರಬೇಕೆಂಬುದು ಸಂವಿಧಾನದ ನಿಯಮ. ಸ್ವಪಕ್ಷದ ಪ್ರತಿಸ್ಪರ್ಧಿಯೊಬ್ಬರು, ಇವರಿಗೆ ಏಳು ವರ್ಷ ತುಂಬಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಚುನಾವಣೆ ನವೆಂಬರಿನಲ್ಲಿ, ಅಂದಿಗೆ ಏಳು ತುಂಬದು. ಆದರೆ ಹೊಸ ಸಭೆ ಕೂಡುವುದು 1957ರ ಜನವರಿ 3ರಂದು. ಡಿಸೆಂಬರ್ 16ರಿಂದ ಎಣಿಸಿ ನೋಡಿ: ಏಳು ವರ್ಷದ ಮೇಲೆ ಹದಿನೆಂಟು ದಿನ. ಅರ್ಜಿ ವಜಾ ಆಯಿತು. ಗಣಿತದ ಪಂಡಿತರಿಗೆ ಬಾಳಿನಲ್ಲಿ ಒದಗಿದ ಲೆಕ್ಕಗಳೆಲ್ಲ ಹೀಗೆ ಕೂಡುವ ಕಳೆಯುವ ಲೆಕ್ಕಗಳೇ!

ಎದುರಾಳಿ ಸಾಮಾನ್ಯರಲ್ಲ. ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಮೊದಲ ಹೆಂಗಸು, ಅಧ್ಯಕ್ಷ ಐಸೆನ್‌ಹೋವರರ ಸ್ನೇಹಿತೆ ಜಾಕ್ವೆಲಿನ್ ಕಾಕ್ರನ್. ಆಕೆಗೆ ಹಣವಿತ್ತು, ಕೀರ್ತಿಯಿತ್ತು. ಇವರ ಮನೆಯವರೆಲ್ಲ ಬೀದಿಬೀದಿ ಸುತ್ತಿ ಮತ ಕೇಳಿದರು. ಮೂರು ಸಾವಿರಕ್ಕೆ ತುಸು ಮೇಲ್ಪಟ್ಟ ಮತಗಳಿಂದ ದಲೀಪ್ ಸಿಂಗರು ಗೆದ್ದರು. ಏಷ್ಯ ಮೂಲದವರೊಬ್ಬರು ಆ ಕಾಂಗ್ರೆಸ್ಸಿನಲ್ಲಿ ಪ್ರತಿನಿಧಿಯಾಗಿ ಕುಳಿತದ್ದು ಅದೇ ಮೊದಲು. ಮೂರು ಅವಧಿ ಅಲ್ಲಿದ್ದು, ವಿದೇಶಾಂಗ ಸಮಿತಿಯಲ್ಲಿ ಕೆಲಸ ಮಾಡಿದರು. 1957ರ ಕೊನೆಯಲ್ಲಿ ಏಷ್ಯದ ಪ್ರವಾಸ ಹೊರಟು, ಮಾವಿನ ಹಣ್ಣಿನ ಮಾತು ಕೊಟ್ಟು ಬಿಟ್ಟುಹೋಗಿದ್ದ ತಮ್ಮ ಹಳ್ಳಿಗೂ ಬಂದರು.

1960ರಲ್ಲಿ ಅವರ ಆತ್ಮಕಥೆ ಹೊರಬಂದಿತು. ಅದರಲ್ಲಿ ನನಗೊಂದು ಕೊರತೆ ತೋರುತ್ತದೆ. ಹೊರಗಿಟ್ಟ ನಾಡಿನ ಮೇಲೆ ಅವರಿಗೆ ಸಿಟ್ಟೇ ಇಲ್ಲ; ಇದ್ದರೂ ಕಾಗದಕ್ಕೆ ಇಳಿಸಲಿಲ್ಲ. ಮತ ಕೇಳಿ ಗೆಲ್ಲಬೇಕಾದವರ ಎಚ್ಚರವೋ, ನಿಜವಾದ ಕ್ಷಮೆಯೋ ನಾನು ಹೇಳಲಾರೆ. ಬಗಾಯ್ ಅವರ ಸಿಟ್ಟು ಅವರನ್ನೇ ಸುಟ್ಟಿತು. ಇವರು ಅದನ್ನು ನುಂಗಿ ಬಾಳಿದರು. ಎರಡನ್ನೂ ಓದಿದ ಮೇಲೆ ಒಬ್ಬರನ್ನು ಹೊಗಳಿ ಒಬ್ಬರನ್ನು ತೆಗಳಲು ನನಗೆ ಮನಸ್ಸು ಬಾರದು.

1962ರ ಮೇ ತಿಂಗಳಲ್ಲಿ ವಿಮಾನದಲ್ಲಿ ಹೋಗುತ್ತಿದ್ದಾಗ ಅವರಿಗೆ ಲಕ್ವ ಹೊಡೆಯಿತು, ಮಾತು ಹೋಯಿತು. ಆ ವರ್ಷದ ಚುನಾವಣೆಯಲ್ಲಿ ಸ್ಥಾನವೂ ಹೋಯಿತು. ದೇಶದೇಶಕ್ಕೆ ಇಷ್ಟೇ ಎಂದು ಜನಾಂಗ ನೋಡಿ ಅಳೆದು ಕೊಡುತ್ತಿದ್ದ ಹಳೆಯ ಪದ್ಧತಿಯನ್ನು 1965ರಲ್ಲಿ ಅಮೆರಿಕ ಕೈಬಿಟ್ಟಿತು. ಇಂದು ಅಲ್ಲಿರುವ ನಮ್ಮ ಕನ್ನಡಿಗರಲ್ಲಿ ಬಹುಪಾಲು ಆ ಬಾಗಿಲಿನಿಂದ ಒಳಹೋದವರು, ಅಥವಾ ಅವರ ಮಕ್ಕಳು. ಆ ಮಸೂದೆಯ ಚರ್ಚೆ ನಡೆದಾಗ ಅದರ ಪರವಾಗಿ ಬಾಳನ್ನೇ ಸಾಕ್ಷಿಯಾಗಿಟ್ಟು ಮಾತಾಡಬಹುದಾಗಿದ್ದವರು ಮಾತಿಲ್ಲದೆ ಮನೆಯಲ್ಲಿದ್ದರು. 1973ರ ಏಪ್ರಿಲ್ 22ರಂದು ತೀರಿಕೊಂಡರು. ಕ್ಯಾಲಿಫೋರ್ನಿಯದ ಟೆಮೆಕ್ಯುಲ ಎಂಬ ಊರಿನ ಅಂಚೆಕಚೇರಿಗೆ ಈಗ ಅವರ ಹೆಸರು.

ವಿದ್ಯಾರ್ಥಿನಿಗೆ ನಾನು ಆ ಆತ್ಮಕಥೆಯ ಪ್ರತಿಯೊಂದನ್ನು ಕಳುಹಿಸಿದೆ. ತಲುಪಿತೆಂದು ಬರೆದಿದ್ದಾಳೆ. ಹುಡುಗನಿಗೆ ಇಪ್ಪತ್ತೊಂದು ತುಂಬಲು ಇನ್ನು ನಾಲ್ಕು ತಿಂಗಳಿವೆ, ಓದಲು ತೊಡಗಿದ್ದಾನಂತೆ.