ಎರಡು ಸೂಪಾ, ಒಬ್ಬ ಶಹಾಜಿ

ಏಳನೇ ಕ್ಲಾಸಿನಲ್ಲಿ ಸಮಾಜ ವಿಜ್ಞಾನದ ಸರ್ ಶಿವಾಜಿಯ ಪಾಠ ಮಾಡುತ್ತಿದ್ದರು. ಶಿವಾಜಿಯ ತಂದೆ ಶಹಾಜಿಗೆ ಪುಣೆ ಮತ್ತು ಸೂಪಾದ ಜಹಗೀರು ಇತ್ತು ಅಂದಾಗ ಬೆಂಚಿನ ಮೇಲೆ ನೆಟ್ಟಗೆ ಕೂತೆ. ಸೂಪಾ ಅಂದರೆ ನಮ್ಮೂರು! ನನ್ನ ಅಜ್ಜ ಹುಟ್ಟಿ ಬೆಳೆದ ಊರು, ಕಾಳಿ ನದಿಗೆ ಅಣೆಕಟ್ಟು ಬಂದ ಮೇಲೆ ನೀರಿನಡಿ ಹೋದ ಊರು. ಜೋಯಿಡಾ ತಾಲ್ಲೂಕನ್ನು ಹಿರಿಯರು ಈಗಲೂ ಸೂಪಾ ತಾಲ್ಲೂಕು ಅಂತಲೇ ಕರೆಯುತ್ತಾರೆ. ಸಂಜೆ ಮನೆಗೆ ಓಡಿಹೋಗಿ ಅಜ್ಜನಿಗೆ ಸುದ್ದಿ ಮುಟ್ಟಿಸಿದೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮುಳುಗಿದ ಊರಿಗೆ ಸ್ವಲ್ಪ ಗೌರವ ಹೆಚ್ಚಾದರೆ ಅವರಿಗೇನು ನಷ್ಟ!

ಅದು ಬೇರೆ ಸೂಪಾ, ಪುಣೆ ಜಿಲ್ಲೆಯ ಬಾರಾಮತಿ ಕಡೆಯ ಊರು ಅಂತ ಗೊತ್ತಾಗಿದ್ದು ಪಿಯುಸಿಯಲ್ಲಿ. ಅವಮಾನವಾಯಿತು, ನಿಜ. ಆದರೆ ಆ ತಪ್ಪಿನಿಂದಾಗಿ ಶಹಾಜಿ ತಲೆಯಲ್ಲಿ ಉಳಿದುಬಿಟ್ಟ. ಪ್ರತಿವರ್ಷ ಫೆಬ್ರುವರಿ 19ರಂದು ಹಳಿಯಾಳದಲ್ಲಿ ಶಿವಜಯಂತಿಯ ಮೆರವಣಿಗೆ ನೋಡುತ್ತೇನೆ. ಕೇಸರಿ ಬಾವುಟ, ಡೋಲು, ಕುದುರೆಯ ಮೇಲೆ ಶಿವಾಜಿ ವೇಷದ ಹುಡುಗ, ಪಕ್ಕದಲ್ಲಿ ಜೀಜಾಬಾಯಿ ವೇಷದ ಹುಡುಗಿ. ಅಪ್ಪನ ವೇಷ ಹಾಕಿದವರನ್ನು ನಾನು ನೋಡಿದ್ದಿಲ್ಲ. ಇದ್ದಬದ್ದ ಪುಸ್ತಕಗಳಲ್ಲಿ ಶಹಾಜಿಯನ್ನು ಹುಡುಕುತ್ತಾ ಹೋದೆ. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ವಾರ ಇಂಥ ಆಸಕ್ತಿಗಳು ಹೆಚ್ಚುವುದು ನಿಮಗೂ ಗೊತ್ತಿರುತ್ತದೆ. (ನಮ್ಮ ಓಣಿಯಲ್ಲಿ ರಾಜೇ ಎಂದು ಸೇರಿಸದೆ ಈ ಹೆಸರು ಹೇಳುವಂತಿಲ್ಲ. ಇಲ್ಲಿ ಪಠ್ಯಪುಸ್ತಕದ ರೂಢಿಯಂತೆ ಏಕವಚನ ಬಳಸಿದ್ದೇನೆ, ಹಿರಿಯರು ಕ್ಷಮಿಸಬೇಕು.)

ಶಹಾಜಿ ಹುಟ್ಟಿದ್ದು 1594ರ ಸುಮಾರಿಗೆ. ತಂದೆ ವೇರೂಳದ ಮಾಲೋಜಿ ಭೋಸಲೆ, ಅಹಮದನಗರದ ನಿಜಾಮಶಾಹಿಯಲ್ಲಿ ಸರದಾರ. ಬಹಳ ದಿನ ಮಕ್ಕಳಾಗದೆ ಅಹಮದನಗರದ ಶಾಹ್ ಶರೀಫ್ ಎಂಬ ಪೀರರಿಗೆ ಮಾಲೋಜಿ ಹರಕೆ ಹೊತ್ತಿದ್ದನಂತೆ. ಅದಕ್ಕೇ ಇಬ್ಬರು ಗಂಡುಮಕ್ಕಳಿಗೆ ಶಹಾಜಿ, ಶರೀಫಜಿ ಎಂದು ಹೆಸರಿಟ್ಟ ಎನ್ನುತ್ತದೆ ಕಥೆ. ಸಿಂದಖೇಡದ ಲಖುಜಿ ಜಾಧವನ ಮಗಳು ಜೀಜಾಬಾಯಿಯ ಜೊತೆ ಶಹಾಜಿಯ ಮದುವೆಯಾಯಿತು. ಮಾಲೋಜಿಯ ಕಾಲದಲ್ಲೇ ಬಂದಿದ್ದ ಪುಣೆ, ಸೂಪಾ ಜಹಗೀರು ಮುಂದೆ ಮಗನ ಕೈಗೆ ಬಂತು.

ಅವನಿಗೆ ಯುದ್ಧ ಕಲಿಸಿದ್ದು ಮಲಿಕ್ ಅಂಬರ್. ಆಫ್ರಿಕಾದಿಂದ ಗುಲಾಮನಾಗಿ ಬಂದು ನಿಜಾಮಶಾಹಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡ ಹಬಶಿ ಆತ. 1624ರಲ್ಲಿ ದಿಲ್ಲಿಯ ಮೊಗಲರೂ ಬಿಜಾಪುರದ ಆದಿಲಶಾಹಿಯೂ ಒಟ್ಟಾಗಿ ಅವನ ಮೇಲೆ ಬಂದರು. ಅಹಮದನಗರದ ಹತ್ತಿರ ಭಾತವಡಿಯಲ್ಲಿ ಕಾಳಗ. ಸಿವಿಲ್ ವಿದ್ಯಾರ್ಥಿಯಾದ ನನಗೆ ಈ ಯುದ್ಧವೆಂದರೆ ಬಹಳ ಇಷ್ಟ. ಅಂಬರ್ ಭಾತವಡಿ ಕೆರೆಯ ಏರಿ ಒಡೆಸಿಬಿಟ್ಟ. ನೆಲವೆಲ್ಲ ಕೆಸರಾಯಿತು, ದೊಡ್ಡ ಸೈನ್ಯದ ಆನೆ, ತೋಪು, ಬಂಡಿ ಎಲ್ಲ ಹೂತುಕೊಂಡವು. ಹಗುರ ಕುದುರೆಯ ಮರಾಠಾ ಸವಾರರು ರಾತ್ರಿ ಬಂದು ಹೊಡೆದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದರು. ದಾಸ್ತಾನು ತಪ್ಪಿಸಿ, ಮೇವು ತಡೆದು ಸುಸ್ತು ಮಾಡಿ ಕೊನೆಗೆ ಎರಗಿ ಗೆದ್ದರು. ಮುಂದೆ ಶಿವಾಜಿಯ ಹೆಸರಿನಲ್ಲಿ ಪ್ರಸಿದ್ಧವಾದ ಗೆರಿಲ್ಲಾ ಯುದ್ಧವನ್ನು ಅವನ ಅಪ್ಪ ಕಲಿತದ್ದು ಈ ಹಬಶಿಯ ಶಾಲೆಯಲ್ಲಿ. ಗೆಲುವಿನ ಬೆಲೆಯೂ ಸಣ್ಣದಲ್ಲ. ತಮ್ಮ ಶರೀಫಜಿ ಅಲ್ಲಿಯೇ ಸತ್ತ. ಎದುರು ಪಾಳೆಯದಲ್ಲಿ ನಿಂತವರಲ್ಲಿ ಶಹಾಜಿಯ ಮಾವ ಲಖುಜಿಯೂ ಇದ್ದ.

ಇದಾದ ಮೇಲಿನ ಹನ್ನೆರಡು ವರ್ಷ ಬೆರಳು ಮಡಚಿ ಎಣಿಸಬೇಕು. ಮಲಿಕ್ ಅಂಬರನ ಜೊತೆ ಮನಸ್ತಾಪವಾಗಿ ಬಿಜಾಪುರಕ್ಕೆ ಹೋದ. ಅಂಬರ್ ಸತ್ತ ಮೇಲೆ 1628ರ ಹೊತ್ತಿಗೆ ನಿಜಾಮಶಾಹಿಗೆ ವಾಪಸು. 1630ರಲ್ಲಿ ಮೊಗಲರ ಕಡೆ. 1632ರಲ್ಲಿ ಮೊಗಲರನ್ನೂ ಬಿಟ್ಟ. ಕೊನೆಗೆ ಮತ್ತೆ ಬಿಜಾಪುರ. ಇವತ್ತು ಯಾರಾದರೂ ಇಂಥ ರೆಸ್ಯೂಮೆ ಹಿಡಿದು ಸಂದರ್ಶನಕ್ಕೆ ಹೋದರೆ ಎರಡನೇ ರೌಂಡಿಗೆ ಕರೆಯುವುದಿಲ್ಲ. ನಾನೂ ಮೊದಲು ಅವನನ್ನು ಅವಕಾಶವಾದಿ ಎಂದುಕೊಂಡು ಪುಸ್ತಕ ಮುಚ್ಚಿದ್ದೆ.

ಮತ್ತೆ ತೆರೆಸಿದ್ದು 1629ರ ಒಂದು ಘಟನೆ. ನಿಜಾಮಶಹಾ ದೌಲತಾಬಾದಿನ ದರ್ಬಾರಿಗೆ ಲಖುಜಿ ಜಾಧವನನ್ನು ಕರೆಸಿ, ಅವನನ್ನೂ ಅವನ ಗಂಡುಮಕ್ಕಳನ್ನೂ ಅಲ್ಲಿಯೇ ಕೊಲ್ಲಿಸಿದ. ಆಗ ಜೀಜಾಬಾಯಿ ಗರ್ಭಿಣಿ. ಅವಳನ್ನು ಶಿವನೇರಿ ಕೋಟೆಯಲ್ಲಿ ಬಿಟ್ಟು ಶಹಾಜಿ ಊರೂರು ತಿರುಗುತ್ತಿದ್ದ. 1630ರ ಫೆಬ್ರುವರಿಯಲ್ಲಿ ಅದೇ ಕೋಟೆಯಲ್ಲಿ ಶಿವಾಜಿ ಹುಟ್ಟಿದ. ಪುಣೆಯನ್ನು ಬಿಜಾಪುರದ ಸೈನ್ಯ ಸುಟ್ಟು, ಕತ್ತೆ ಕಟ್ಟಿ ನೇಗಿಲು ಹೊಡೆಸಿತು. ಅದರ ಬೆನ್ನಿಗೆ ದಖ್ಖನ್ನಿನ ಭಯಂಕರ ಬರ. ಧಣಿಯೇ ದರ್ಬಾರಿನಲ್ಲಿ ಮಾವನನ್ನು ಕೊಲ್ಲಿಸಿದ ಮೇಲೆ ಯಾರಿಗೆ ನಿಷ್ಠನಾಗಿರಬೇಕಿತ್ತು ಶಹಾಜಿ?

ನನ್ನ ಲೆಕ್ಕದಲ್ಲಿ ಅವನ ಜೀವನದ ಮುಖ್ಯ ಮೂರು ವರ್ಷ ಇಲ್ಲಿಂದ ಶುರು. 1633ರಲ್ಲಿ ದೌಲತಾಬಾದ್ ಮೊಗಲರಿಗೆ ಬಿತ್ತು. ನಿಜಾಮಶಹಾನನ್ನು ಗ್ವಾಲಿಯರ್ ಕೋಟೆಯ ಸೆರೆಗೆ ಕಳಿಸಿದರು. ಅಲ್ಲಿಗೆ ರಾಜ್ಯ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಾಗ ಶಹಾಜಿ ಅದೇ ಮನೆತನದ ಮುರ್ತಜಾ ಎಂಬ ಎಳೆಯ ಹುಡುಗನನ್ನು ಪೇಮಗಿರಿ ಕೋಟೆಯಲ್ಲಿ ಸಿಂಹಾಸನಕ್ಕೇರಿಸಿದ. ಹೆಸರಿಗೆ ಹುಡುಗ ಸುಲ್ತಾನ, ಆಳಿದ್ದು ಶಹಾಜಿ. ಚದುರಿದ ಸವಾರರನ್ನು ಸೇರಿಸಿದ, ಕೋಟೆಗಳನ್ನು ಒಂದೊಂದಾಗಿ ಹಿಡಿದ, ಕಂದಾಯ ಎತ್ತಿದ. ಒಬ್ಬ ಮರಾಠಾ ಸರದಾರ ತನ್ನ ಬಲದಿಂದ ರಾಜ್ಯವೊಂದನ್ನು ಎತ್ತಿ ನಿಲ್ಲಿಸಿದ. ಶಿವಾಜಿಗೆ ಆಗ ಮೂರು ವರ್ಷ.

ತಡೆಯದೆ 1636ರಲ್ಲಿ ಶಹಾಜಹಾನನೇ ದಖ್ಖನ್ನಿಗೆ ಬಂದ. ಬಿಜಾಪುರವನ್ನು ಹೆದರಿಸಿ ಒಪ್ಪಂದ ಮಾಡಿಕೊಂಡ. ಒಂದು ಕಡೆ ಮೊಗಲ್ ಸೈನ್ಯ, ಇನ್ನೊಂದು ಕಡೆ ಬಿಜಾಪುರದ ರಣದುಲ್ಲಾಖಾನ್. ಕೋಟೆಯಿಂದ ಕೋಟೆಗೆ ಓಡಿದ ಶಹಾಜಿ ಕೊಂಕಣದ ಮಾಹುಲಿ ಕೋಟೆಯಲ್ಲಿ ಸಿಕ್ಕಿಬಿದ್ದು ಶರಣಾದ. ಹುಡುಗ ಮುರ್ತಜಾನನ್ನು ಮೊಗಲರಿಗೆ ಒಪ್ಪಿಸಬೇಕಾಯಿತು. ಆ ಹುಡುಗನ ಬಗ್ಗೆ ಪುಸ್ತಕಗಳು ಒಂದು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ. ಶಹಾಜಿಯನ್ನು ಮೆಚ್ಚುವಾಗಲೆಲ್ಲ ಆ ಒಂದು ಸಾಲು ನನಗೆ ಅಡ್ಡ ಬರುತ್ತದೆ. ಬೇರೆ ದಾರಿ ಇತ್ತೇ ಎಂದು ಕೇಳಿಕೊಂಡರೆ, ಇರಲಿಲ್ಲ ಅನಿಸುತ್ತದೆ. ಆದರೂ.

ಬಿಜಾಪುರ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿತು. ಆದರೆ ಪುಣೆಯಲ್ಲಿ ಇರಿಸುವಷ್ಟು ನಂಬಲಿಲ್ಲ. ಜಹಗೀರು ಹೆಸರಿಗೆ ಉಳಿಯಿತು, ಮನುಷ್ಯನನ್ನು ಮಾತ್ರ ದಕ್ಷಿಣಕ್ಕೆ, ಕರ್ನಾಟಕಕ್ಕೆ ಕಳಿಸಿದರು. ಯಾರ ಎದುರು ಓಡಿದ್ದನೋ ಅದೇ ರಣದುಲ್ಲಾಖಾನನ ಕೈಕೆಳಗೆ ಕೆಲಸ. ಆಗ ಅವನಿಗೆ ನಲವತ್ತು ದಾಟಿತ್ತು.

ಇಲ್ಲಿಂದ ಕಥೆ ನಮ್ಮ ನೆಲದ್ದು. ಇಕ್ಕೇರಿಯ ವೀರಭದ್ರ ನಾಯಕನ ಮೇಲೆ ದಂಡು ಹೋಯಿತು. 1638ರಲ್ಲಿ ಕೆಂಪೇಗೌಡರ ವಂಶದವರ ಕೈಯಿಂದ ಬೆಂಗಳೂರು ತಪ್ಪಿತು, ಅವರು ಮಾಗಡಿಗೆ ಸರಿದರು. ಶ್ರೀರಂಗಪಟ್ಟಣದಲ್ಲಿ ಮಾತ್ರ ಕಂಠೀರವ ನರಸರಾಜ ಒಡೆಯರು ಬಿಜಾಪುರದ ಸೈನ್ಯವನ್ನು ಹೊಡೆದಟ್ಟಿದರು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಕಲಿತ ನಮ್ಮಂಥ ಹಳಿಯಾಳ, ದಾಂಡೇಲಿಯ ಹುಡುಗರಿಗೆ ಈ ಭಾಗ ಓದುವುದು ಕಷ್ಟ. ಯಾರ ಕಡೆ ನಿಂತು ಓದಬೇಕು? ಬೆಂಗಳೂರಿನ ಕೋಟೆಯೊಳಗಿದ್ದವರಿಗೆ ಶಹಾಜಿ ದಂಡೆತ್ತಿ ಬಂದ ಪರದೇಶಿ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಓದಿದೆ.

ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳು ಅವನಿಗೆ ಜಹಗೀರಾಗಿ ಬಂದವು. ಬೆಂಗಳೂರನ್ನೇ ಠಾಣೆ ಮಾಡಿಕೊಂಡ. ಸೋತ ಪಾಳೆಯಗಾರರನ್ನು ಬೇರುಸಹಿತ ಕೀಳದೆ, ಕಪ್ಪ ಕೊಡಿಸಿಕೊಂಡು ಅವರವರ ಜಾಗದಲ್ಲಿ ಉಳಿಸಿದ. ಕಂದಾಯದ ಲೆಕ್ಕಕ್ಕೆ ಮರಾಠಿ ಕಾರಕೂನರು ಬಂದರು. ಆಸ್ಥಾನದಲ್ಲಿ ಪಂಡಿತರಿದ್ದರು. ಜಯರಾಮ ಪಿಂಡ್ಯೆ ಎಂಬ ಕವಿ ಅವನನ್ನು ಹೊಗಳಿ ಬರೆದ ರಾಧಾಮಾಧವವಿಲಾಸ ಚಂಪೂವಿನಲ್ಲಿ ಸಂಸ್ಕೃತದ ಜೊತೆ ಹಲವು ದೇಶಭಾಷೆಗಳ ಪದ್ಯಗಳಿವೆ. ಅಂಥ ಆಸ್ಥಾನ ಇದ್ದದ್ದು ಇವತ್ತು ನಾವೆಲ್ಲ ಕೆಲಸ ಹುಡುಕಿಕೊಂಡು ಹೋಗುವ ಊರಿನಲ್ಲಿ.

1640ರ ಸುಮಾರಿಗೆ ಜೀಜಾಬಾಯಿ ಮತ್ತು ಬಾಲಕ ಶಿವಾಜಿ ಬೆಂಗಳೂರಿಗೆ ಬಂದು ಒಂದೆರಡು ವರ್ಷ ಇದ್ದರು. ಹಿರಿಯ ಮಗ ಸಂಭಾಜಿ ಅಪ್ಪನ ಜೊತೆಯಲ್ಲೇ ಇದ್ದ. ಎರಡನೇ ಹೆಂಡತಿ ತುಕಾಬಾಯಿಯ ಮಗ ಏಕೋಜಿ ಕೂಡ. ಶಿವಾಜಿಯನ್ನು ಮಾತ್ರ ತಾಯಿಯ ಜೊತೆ ಪುಣೆಗೆ ಕಳಿಸಿ, ಅಲ್ಲಿನ ಜಹಗೀರು ನೋಡಿಕೊಳ್ಳಲು ದಾದೋಜಿ ಕೊಂಡದೇವನನ್ನು ಜೊತೆಗಿಟ್ಟ. ತಾನು ಕಾಲಿಡಲಾಗದ ನೆಲಕ್ಕೆ ಹನ್ನೆರಡು ವರ್ಷದ ಮಗನನ್ನು ಕಳಿಸಿದ. ಅದು ಬೇಕೆಂದೇ ಹೂಡಿದ ಉಪಾಯವೋ ಬರೀ ಜಹಗೀರಿನ ವ್ಯವಸ್ಥೆಯೋ ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಮಾಹುಲಿಯ ಸೋಲು ಅವನಿಗೆ ಮರೆತಿರಲಾರದು ಎನ್ನುವುದು ನನ್ನ ಪಕ್ಷ.

ಮಗ ಅಲ್ಲಿ ಕೋಟೆ ಹಿಡಿಯತೊಡಗಿದ, ಅಪ್ಪ ಇಲ್ಲಿ ಬೆಲೆ ತೆತ್ತ. 1648ರ ಜುಲೈ 25ರ ಬೆಳಗ್ಗೆ, ಜಿಂಜಿಯ ಮುತ್ತಿಗೆಯ ಪಾಳೆಯದಲ್ಲಿ ಬಿಜಾಪುರದ ಸೇನಾಪತಿ ಮುಸ್ತಫಾಖಾನ್ ಶಹಾಜಿಯನ್ನು ಹಿಡಿಸಿದ. ಕೈಹಾಕಿದವನು ಮುಧೋಳದ ಬಾಜಿ ಘೋರ್ಪಡೆ. ಹೌದು, ನಾಯಿಗಳಿಗೆ ಹೆಸರಾದ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳವೇ. ಘೋರ್ಪಡೆಗಳೂ ಭೋಸಲೆಗಳೂ ಮೂಲದಲ್ಲಿ ಒಂದೇ ಕುಲ ಎನ್ನುತ್ತದೆ ಅವರ ಪರಂಪರೆ. ಬೇಡಿ ತೊಡಿಸಿ ಬಿಜಾಪುರಕ್ಕೆ ತಂದರು. ಶಿವಾಜಿ ಮೊಗಲ್ ರಾಜಕುಮಾರ ಮುರಾದನಿಗೆ ಪತ್ರ ಬರೆದು ಒತ್ತಡ ಹೇರಿದ. ಬೆಂಗಳೂರಿನಲ್ಲಿ ಸಂಭಾಜಿ ಕೋಟೆ ಬಿಡದೆ ಹೋರಾಡಿದ. ಕೊನೆಗೆ ಶಿವಾಜಿ ಕೊಂಡಾಣ ಕೋಟೆ ಬಿಟ್ಟುಕೊಟ್ಟ ಮೇಲೆ 1649ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಅದೇ ಕೊಂಡಾಣ ಮುಂದೆ ಸಿಂಹಗಡ ಎಂದು ಹೆಸರಾಯಿತು.

ಆಮೇಲಿನ ವರ್ಷಗಳನ್ನು ಬೇಗ ದಾಟುತ್ತೇನೆ, ಯಾಕೆಂದರೆ ಅವು ದುಃಖದವು. ಸಂಭಾಜಿ ಕೊಪ್ಪಳ ಸೀಮೆಯ ಕನಕಗಿರಿಯ ಮುತ್ತಿಗೆಯಲ್ಲಿ ಸತ್ತ. ಬೇಕಾದ ಹೊತ್ತಿಗೆ ನೆರವು ಕಳಿಸದೆ ಅಫ್ಜಲಖಾನ್ ದ್ರೋಹ ಮಾಡಿದ ಎಂಬ ಆರೋಪವಿದೆ. 1659ರಲ್ಲಿ ಅಫ್ಜಲಖಾನನನ್ನು ಪ್ರತಾಪಗಡದ ಬುಡದಲ್ಲಿ ಶಿವಾಜಿ ಕೊಂದ ಕಥೆ ಎಲ್ಲರಿಗೂ ಗೊತ್ತು. ಆಗೆಲ್ಲ ಬಿಜಾಪುರ ಶಹಾಜಿಯನ್ನು ಮಗನಿಗೆ ಬುದ್ಧಿ ಹೇಳು ಎಂದು ಕಾಡಿತು. ಮಗ ತನ್ನ ಮಾತು ಕೇಳುವುದಿಲ್ಲ ಎಂದು ಅವನು ಕೈಚೆಲ್ಲಿದ. ಅಪ್ಪಂದಿರ ಈ ಉತ್ತರ ನಾನೂರು ವರ್ಷದಿಂದ ಬದಲಾಗಿಲ್ಲ. ಅವನ ಬಾಯಲ್ಲಿ ಮಾತ್ರ ಅದು ರಾಜಕಾರಣ.

1664ರ ಜನವರಿ. ಶಿವಾಜಿ ಸೂರತ್ತಿನಲ್ಲಿ ಮೊಗಲರ ಖಜಾನೆ ನಡುಗಿಸುತ್ತಿದ್ದ ತಿಂಗಳು. ಎಪ್ಪತ್ತರ ಹತ್ತಿರದ ಶಹಾಜಿ ಬಿಜಾಪುರದ ಪರವಾಗಿ ಬಸವಾಪಟ್ಟಣದ ಕಡೆ ದಂಡಿನಲ್ಲಿದ್ದ. 23ರಂದು ಈಗಿನ ಚನ್ನಗಿರಿ ತಾಲ್ಲೂಕಿನ ಹೊದಿಗೆರೆ ಬಳಿ ಬೇಟೆಗೆ ಹೋದಾಗ ಕುದುರೆ ಮುಗ್ಗರಿಸಿತು, ಬಿದ್ದವನು ಏಳಲಿಲ್ಲ. ಸುದ್ದಿ ತಲುಪಿದಾಗ ಜೀಜಾಬಾಯಿ ಸತಿ ಹೋಗಲು ಹೊರಟಳು, ಶಿವಾಜಿ ಕಾಲು ಹಿಡಿದು ತಡೆದ ಎನ್ನುತ್ತವೆ ಬಖರುಗಳು. ಅದೇ ವರ್ಷ ಮುಧೋಳದ ಮೇಲೆ ಬಿದ್ದು ಬಾಜಿ ಘೋರ್ಪಡೆಯನ್ನು ಕೊಂದ. ಮುಂದೆ 1675ರಲ್ಲಿ ಕಾರವಾರ, ಅಂಕೋಲಾ, ನಮ್ಮ ಕಾಳಿ ನದಿಯ ಕೆಳದಂಡೆಯ ಕದ್ರಾದವರೆಗೆ ಮಗನ ರಾಜ್ಯ ಬಂತು. ಅಪ್ಪನ ಬೆಂಗಳೂರು ಏಕೋಜಿಯ ಪಾಲಾಯಿತು. ತಂಜಾವೂರು ಗೆದ್ದು ಅಲ್ಲಿಯೇ ನೆಲೆನಿಂತ ಏಕೋಜಿಗೆ ದೂರದ ಬೆಂಗಳೂರು ಭಾರವಾಯಿತು. 3 ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಲು ಮಾತಾಡಿಕೊಂಡಿದ್ದ. ವ್ಯವಹಾರ ಮುಗಿಯುವುದರೊಳಗೆ 1687ರಲ್ಲಿ ಮೊಗಲರು ನುಗ್ಗಿದರು. ಕೊನೆಗೆ ಅದು ಒಡೆಯರಿಗೇ ಬಂತು.

ಹೋದ ವರ್ಷ ದಾವಣಗೆರೆಯಲ್ಲಿ ನೆಂಟರ ಮದುವೆಯಿತ್ತು. ಊಟ ಮುಗಿಸಿ, ದೊಡ್ಡಣ್ಣನ ಬೈಕ್ ಕೇಳಿ ಇಸಕೊಂಡು ಹೊದಿಗೆರೆಗೆ ಹೋಗಿಬಂದೆ. ಮೂರು ಸುಲ್ತಾನರ ದರ್ಬಾರು ನೋಡಿದವನ ಸಮಾಧಿ ಬಹಳ ಸರಳ. ಕಲ್ಲು, ಸುತ್ತ ಒಂದಿಷ್ಟು ಗಿಡ. ನಾನು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದೆ. ಏಳನೇ ಸೆಮ್ಮಿನಲ್ಲಿ ಪ್ಲೇಸ್‌ಮೆಂಟ್ ಆದರೆ ನಾನೂ ಬೆಂಗಳೂರಿಗೆ ಹೋಗಬೇಕು, ಮನೆಯಲ್ಲಿ ಅದರದ್ದೇ ಮಾತು. ಅಪ್ಪ ದಾಂಡೇಲಿ ಬಿಟ್ಟು ಒಂದು ವಾರ ಎಲ್ಲೂ ಇದ್ದವರಲ್ಲ.

ಅಜ್ಜ ಈಗ ರಾಮನಗರದಲ್ಲಿದ್ದಾರೆ, ಸೂಪಾ ಬಿಟ್ಟವರಿಗೆ ಜಾಗ ಕೊಟ್ಟ ಊರಿನಲ್ಲಿ. ಫೋಟೊ ತೋರಿಸಿ, ಇವನೇ ಆ ಸೂಪಾದ ಶಹಾಜಿ ಎಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಲ್ಲಿಗೆ ಕೆರೆ ಎಷ್ಟು ದೂರ, ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಏರುವುದಿಲ್ಲವಷ್ಟೇ ಎಂದು ಕೇಳಿದರು. ಏರುವುದಿಲ್ಲ ಎಂದೆ.